ಬಿತ್ತನೆ ಬತ್ತ ಇನ್ನು ಮಳೆಗಾಲಕ್ಕೆ ಮಾತ್ರ

ಸದಸ್ಯರಿಗೆ, ಬೀಜ ಕೊಳ್ಳುವ ಎಲ್ಲರಿಗೂ ನಮಸ್ಕಾರ.

ನಮ್ಮ ಹಳೇ ಸಣ್ಣಕ್ಕಿ ತಳಿಯ ಬಿತ್ತನೆ ಬತ್ತವನ್ನು ಇನ್ನು ಮೇಲೆ ಮೇ 15ರಿಂದ ಜೂನ್ ಕೊನೆಯವರೆಗೆ ಮಾತ್ರ ಕೊಡುತ್ತೇವೆ. ಬೇಸಿಗೆ ಬೆಳೆಗೆ ಇಲ್ಲ. ಕಿಲೋಗೆ 52 ಇದ್ದದ್ದು 60 ರೂಪಾಯಿ ಆಗಿದೆ.

ಮೊದಲು ಆ ದೂರು. ಕಳೆದ ವರ್ಷ ಫೆಬ್ರವರಿಯಲ್ಲಿ ಬಿತ್ತಿದವರೆಲ್ಲ ಹೇಳಿದ್ದು ಒಂದೇ: "ಪೈರು ಎದೆಮಟ್ಟ ಬಂತು, ಹೊಡೆ ಬರಲಿಲ್ಲ, ತೆನೆಯೇ ಇಲ್ಲ. ಹುಲ್ಲಿನ ಬೀಜ ಕೊಟ್ಟಿದ್ದೀರಿ." ಸಂತೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲೂ ಕೇಳಿಸಿಕೊಂಡಿದ್ದೇವೆ. ಬೀಜ ಬೆರಕೆಯಲ್ಲ. ಮೇ ತಿಂಗಳಲ್ಲಿ ಅಂಥದ್ದೊಂದು ಗದ್ದೆಗೆ ಹೋಗಿ ಬ್ಲೇಡಿನಲ್ಲಿ ದಂಟು ಸೀಳಿದೆವು. ಒಳಗೆ ಎಳೆ ಎಲೆಯ ಸುರುಳಿ ಬಿಟ್ಟರೆ ಏನೂ ಇಲ್ಲ. ಅದೇ ಬೀಜದ ಮಳೆಗಾಲದ ಪೈರನ್ನು ಸೆಪ್ಟೆಂಬರ್ ಕೊನೆಗೆ ಸೀಳಿದಾಗ ಗೆಣ್ಣಿನ ಮೇಲೆ ಒಂದು ಮಿಲಿಮೀಟರಿನಷ್ಟು ಬಿಳಿ ತುಪ್ಪಳ ಕಂಡಿತು. ಅದೇ ಎಳೆ ತೆನೆ. ಹೊರಗೆ ಬರಲು ಅದಕ್ಕೆ ಇನ್ನೂ ತಿಂಗಳು ಬೇಕು.

ಇದು ಹಗಲಿನ ಉದ್ದ ನೋಡಿ ಹೂ ಬಿಡುವ ತಳಿ. ನಮ್ಮಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ, ಆದರೂ ಪೈರಿಗೆ ಗೊತ್ತಾಗುತ್ತದೆ. ಬತ್ತದಲ್ಲಿ ಎಚ್‌ಡಿ1 ಎಂಬ ಜೀನ್ ಇದೆ. ಹಗಲು ದೊಡ್ಡದಿದ್ದರೆ ಅದು ಹೂವನ್ನು ತಡೆಹಿಡಿಯುತ್ತದೆ. ಸಣ್ಣದಾದಾಗ ಅದೇ ಜೀನ್ ಎಚ್‌ಡಿ3ಎ ಎಂಬ ಇನ್ನೊಂದನ್ನು ಎಬ್ಬಿಸುತ್ತದೆ. ಎಚ್‌ಡಿ3ಎಯ ಪ್ರೋಟೀನ್ ಎಲೆಯಿಂದ ಇಳಿದು ದಂಟಿನೊಳಗಿನ ಕುಡಿಯನ್ನು ಮುಟ್ಟಿದ ಮೇಲೆಯೇ ಕುಡಿ ಎಲೆ ಬಿಡುವುದನ್ನು ನಿಲ್ಲಿಸಿ ತೆನೆ ಕಟ್ಟುವುದು. ಜಪಾನಿನವರು 2007ರಲ್ಲಿ ಇದನ್ನು ತೋರಿಸಿದ್ದಾರೆ. ಐಆರ್-64ರಂಥ ತಳಿಗೆ ಹಗಲಿನ ಹಂಗು ಅಷ್ಟಿಲ್ಲ. ಬೇಸಿಗೆಗೆ ಅಂಥದ್ದನ್ನೇ ಹಾಕಿ, ನಮಗೇನೂ ಬೇಸರವಿಲ್ಲ.

ತಪ್ಪು ನಮ್ಮದೂ ಇದೆ. ಚೀಟಿಯಲ್ಲಿ 'ಅವಧಿ 160 ದಿನ' ಎಂದಷ್ಟೇ ಅಚ್ಚು ಹಾಕಿಸಿದ್ದೆವು. ಆ ಲೆಕ್ಕ ಮಳೆಗಾಲದ್ದು ಎಂದು ಬರೆಯಬೇಕಿತ್ತು. ಕ್ಷಮಿಸಿ.

ಎಂಟು ರೂಪಾಯಿ ಏರಿಸಿದ್ದಕ್ಕೆ 'ಸಂಘ ದುಡ್ಡು ಮಾಡಲು ಹೊರಟಿದೆ' ಎಂದವರು ಒಮ್ಮೆ ನವೆಂಬರಿನಲ್ಲಿ ಬೀಜದ ಗದ್ದೆಗೆ ಬನ್ನಿ. ಬೆರಕೆ ಗಿಡ ಕೀಳಲು ಮೂರು ಸುತ್ತು ಬೇಕು: ಹೊಡೆ ಬರುವಾಗ, ಹೂವಿನಲ್ಲಿ, ಕಾಳು ಬಲಿಯುವಾಗ. ಉಳಿದವಕ್ಕಿಂತ ನಾಲ್ಕು ದಿನ ಮುಂಚೆ ತೆನೆ ತೋರಿಸಿದ ಗಿಡವನ್ನೂ ಬಿಡುವುದಿಲ್ಲ. ಅದೇ ಹೊತ್ತಿಗೆ ಅರೇಬಿಕಾ ಕಾಫಿ ಕೊಯ್ಲು. ತೋಟದ ಕೂಲಿಗೆ ಸರಿಗಟ್ಟದಿದ್ದರೆ ಯಾರೂ ಗದ್ದೆಗೆ ಇಳಿಯುವುದಿಲ್ಲ. ಆನೆ ತುಳಿದದ್ದನ್ನು ಈ ಲೆಕ್ಕಕ್ಕೆ ಹಿಡಿದೇ ಇಲ್ಲ.

ಜೂನ್‌ನಲ್ಲಿ ಸಸಿಮಡಿ ಮಾಡಿ, ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಕದಿರು ತೆಗೆಯಲು ತೆನೆ ಇರುತ್ತದೆ. ಕಳೆದ ಬೇಸಿಗೆಗೆ ಬೀಜ ಒಯ್ದವರಿಗೆ ಅಷ್ಟೇ ಬೀಜ ಈ ಸಲ ಪುಕ್ಕಟೆ. ರಸೀದಿ ತನ್ನಿ. ಕಳೆದುಹೋಗಿದ್ದರೂ ಬನ್ನಿ, ಯಾರು ಎಷ್ಟು ಒಯ್ದಿರೆಂದು ನನ್ನ ಪುಸ್ತಕದಲ್ಲಿದೆ.

ಇತಿ,
ಕಾರ್ಯದರ್ಶಿ