ಅನ್ನ ಬಿಟ್ಟರೂ ಎಣ್ಣೆ-ತುಪ್ಪಕ್ಕೆ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಅನ್ನ, ಮುದ್ದೆ, ಚಪಾತಿ ಬಿಟ್ಟರೆ ಸಾಕು, ಉಳಿದದ್ದನ್ನು ಎಷ್ಟು ತಿಂದರೂ ತೂಕ ಇಳಿಯುತ್ತದೆ ಎಂಬ ಮಾತು ತಪ್ಪು. ಕಾರ್ಬೊಹೈಡ್ರೇಟ್ ಮತ್ತು ಪ್ರೋಟೀನ್ ಗ್ರಾಂಗೆ ತಲಾ 4 ಕ್ಯಾಲೊರಿ ಕೊಟ್ಟರೆ ಕೊಬ್ಬು 9 ಕೊಡುತ್ತದೆ. ಒಂದು ದೊಡ್ಡ ಚಮಚ ಎಣ್ಣೆ ಸುಮಾರು 120 ಕ್ಯಾಲೊರಿ. 100 ಗ್ರಾಂ ಕಡಲೆಕಾಯಿ ಬೀಜ 560ಕ್ಕೂ ಹೆಚ್ಚು. ಒಂದು ಕಪ್ ಅನ್ನ ಬಿಟ್ಟು ಉಳಿಸಿದ ಸುಮಾರು 200 ಕ್ಯಾಲೊರಿ, ಪಲ್ಯಕ್ಕೆ ಧಾರಾಳವಾಗಿ ಸುರಿದ ಎಣ್ಣೆ ಮತ್ತು ಸಂಜೆಯ ಒಂದು ಹಿಡಿ ಬೀಜದಲ್ಲೇ ವಾಪಸ್ ಬರುತ್ತದೆ. ಅನ್ನ ಬಿಟ್ಟ ಮೊದಲ ವಾರದ ಇಳಿಕೆಯಲ್ಲಿ ಹೆಚ್ಚಿನದು ನೀರು: ದೇಹ ಕೂಡಿಟ್ಟ ಕಾರ್ಬೊಹೈಡ್ರೇಟ್ ಆದ ಗ್ಲೈಕೋಜನ್‌ನ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಕೂಡಿರುತ್ತದೆ, ಅದು ಖರ್ಚಾದಾಗ ಈ ನೀರೂ ಹೋಗುತ್ತದೆ.

2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 609 ಜನರಿದ್ದರು. ಒಂದು ವರ್ಷದಲ್ಲಿ ಕಾರ್ಬ್ ಕಡಿಮೆ ಮಾಡಿದವರು ಸರಾಸರಿ 6 ಕೆ.ಜಿ., ಕೊಬ್ಬು ಕಡಿಮೆ ಮಾಡಿದವರು 5.3 ಕೆ.ಜಿ. ಇಳಿದರು; ಗಣನೀಯ ವ್ಯತ್ಯಾಸವಿಲ್ಲ. ಕ್ಯಾಲೊರಿ ಎಣಿಸಲು ಯಾರಿಗೂ ಹೇಳಿರಲಿಲ್ಲ, ಆದರೂ ಎರಡೂ ಗುಂಪು ತಿನ್ನುವುದನ್ನು ಕಡಿಮೆ ಮಾಡಿದ್ದವು.

ಹಾಗಾಗಿ ನಿತ್ಯ ಎಣಿಸಬೇಕಿಲ್ಲ. ತೂಕ ಇಳಿಯುವುದು ನಿಂತಾಗ ಒಂದು ವಾರ ಎಣ್ಣೆ, ತುಪ್ಪ, ತೆಂಗಿನಕಾಯಿ, ಬೀಜ, ಪನೀರ್ ಇಷ್ಟನ್ನು ತೂಗಿ ಬರೆದಿಡಿ. ಸೊಪ್ಪು, ಸೌತೆಕಾಯಿ ತೂಗುವುದು ವ್ಯರ್ಥ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರ ಬಳಿ ಔಷಧದ ಪ್ರಮಾಣ ಸರಿಪಡಿಸಿಕೊಳ್ಳದೆ ಅನ್ನ ಬಿಡಲೇಬಾರದು. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

– ಪಥ್ಯಾಹಾರ ತಜ್ಞೆ, ಮೈಸೂರು