ತೊಟ್ಟಿ ಮನೆಯ ಪಾಠ ಮರೆತೆವೇ?

ಮಾನ್ಯರೇ,

ನಮ್ಮ ಮಲೆನಾಡಿನಲ್ಲಿ ನಡುವೆ ತೆರೆದ ಅಂಗಳವಿರುವ ಹೆಂಚಿನ ತೊಟ್ಟಿ ಮನೆಗಳನ್ನು ಕೆಡವಿ ಬೆಂಗಳೂರಿನ ಬಡಾವಣೆಯಲ್ಲಿರುವಂಥ ಚಪ್ಪಟೆ ತಾರಸಿ ಮನೆ ಕಟ್ಟುವುದು ಜಾಸ್ತಿಯಾಗಿದೆ. ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆ ಎಲ್ಲಿ ನೋಡಿದರೂ ಇದೇ.

ಹಳೆ ಮನೆ ಸುಮ್ನೆ ಹಾಗಿರಲಿಲ್ಲ. ಕಡಿದಾದ ಇಳಿಜಾರಿನ ಮಾಡು (ಛಾವಣಿ) ಮಳೆ ನೀರನ್ನು ನಿಲ್ಲಲು ಬಿಡುತ್ತಿರಲಿಲ್ಲ, ಮುಂದೆ ಚಾಚಿದ ಸೂರು ಮಣ್ಣಿನ ಗೋಡೆಗೆ ಇರಚಲು ಹೊಡೆಯದಂತೆ ಕಾಯುತ್ತಿತ್ತು, ಒಲೆಯ ಹೊಗೆ ಅಟ್ಟಕ್ಕೇರಿ ಮಳೆಗಾಲದಲ್ಲೂ ಅಡಿಕೆ ಬೆಚ್ಚಗಿರುತ್ತಿತ್ತು. ಜೀವನಕ್ರಮವೂ ಅದರಲ್ಲಿತ್ತು. ದಾರಿಹೋಕ ಬಂದರೆ ಜಗಲಿ, ಮದುವೆಗೆ ಚಪ್ಪರ ಹಾಕಲು ಅಂಗಳ, ಗದ್ದೆಯಿಂದ ಬಂದವರಿಗೆ ಹಂಡೆಯ ಬಿಸಿನೀರಿನ ಬಚ್ಚಲು. ಅಡುಗೆಮನೆಗೆ ಗಾಳಿ ಬೆಳಕು ಕಮ್ಮಿ, ಹೆಂಗಸರು ಹೊಗೆಯಲ್ಲೇ ಬೇಯುತ್ತಿದ್ದರು, ಅದನ್ನೂ ಒಪ್ಪಬೇಕು. ಅದು ಬದಲಾಗಲೇಬೇಕಿತ್ತು.

ಆದರೆ ನಾವು ಮಾಡಿದ್ದೇನು? ನಮ್ಮ ಮನೆಗೇ ಆರ್‌ಸಿಸಿ (ಕಾಂಕ್ರೀಟ್) ತಾರಸಿ ಹಾಕಿಸಿದೆವು. ಎರಡೇ ಮಳೆಗಾಲಕ್ಕೆ ಸೋರಿತು. ಈಗ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರಾಗಿ ಶೀಟು ಹೊದೆಸಿದ್ದೇವೆ. ಅಜ್ಜನ ಮಾಡಿಗೇ ವಾಪಸ್ ಬಂದ ಹಾಗಾಯ್ತು ಅಲ್ವಾ, ಅದೂ ಎರಡೆರಡು ಖರ್ಚಿನಲ್ಲಿ!

ಎಲ್ಲರೂ ತೊಟ್ಟಿ ಮನೆಯನ್ನೇ ಕಟ್ಟಿ ಎನ್ನುತ್ತಿಲ್ಲ, ಅಷ್ಟು ಮರ ಈಗ ಎಲ್ಲಿದೆ? ಜಿಲ್ಲಾ ಪಂಚಾಯಿತಿಯವರು ಇಳಿಜಾರು ಮಾಡು, ಜಗಲಿ, ಗಾಳಿಯಾಡುವ ಅಡುಗೆಮನೆ ಇರುವ ಕಡಿಮೆ ಖರ್ಚಿನ ನಾಲ್ಕೈದು ನಕ್ಷೆ ಮಾಡಿಸಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಉಚಿತವಾಗಿ ಸಿಗುವಂತೆ ಮಾಡಲಿ. ಸರ್ಕಾರದ ವಸತಿ ಯೋಜನೆಗಳ ಮನೆಗಳಿಂದಲೇ ಶುರುವಾಗಲಿ.

– ಒಬ್ಬ ಓದುಗ, ಕೊಪ್ಪ