ಅನುದಾನಕ್ಕೆ ಮೊದಲು ಗಡಿಕಲ್ಲು: ಕೋಲಾರ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಜಿಲ್ಲೆಯ ಪಾರ್ಕು, ಗುಂಡುತೋಪು, ಗೋಮಾಳ ಮತ್ತು ಬೆಟ್ಟದ ಕಾಲುದಾರಿಗಳಿಗೆ ಸರ್ಕಾರದ ಹಣ ಹೇಗೆ ಬರುತ್ತದೆ, ಬಂದದ್ದು ಯಾವುದಕ್ಕೆ ಖರ್ಚಾಗುತ್ತದೆ ಎಂಬುದರ ಬಗ್ಗೆ ತಮ್ಮ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ಕಂದಾಯ ಭೂಮಿಯ ಹೊಣೆ ತಮ್ಮದು. ಗಣಿ ನಡೆಸುವವರು ಕಟ್ಟುವ ಹಣವನ್ನು ಗಣಿಯಿಂದ ಬಾಧಿತವಾದ ಊರುಗಳಿಗೆ ಖರ್ಚು ಮಾಡುವ ಜಿಲ್ಲಾ ಖನಿಜ ಪ್ರತಿಷ್ಠಾನದ ತೀರ್ಮಾನಗಳಲ್ಲೂ ತಮ್ಮ ಮಾತಿಗೆ ತೂಕವಿದೆ. ಆದ್ದರಿಂದ ಇದನ್ನು ಬೇರೆ ಯಾರಿಗೋ ಬರೆದು ಪ್ರಯೋಜನವಿಲ್ಲ.

ಹಣದ ಮೂಲವೇ ಇಲ್ಲ ಎಂಬ ಮಾತನ್ನು ಕಚೇರಿಗಳಲ್ಲಿ ಆಗಾಗ ಕೇಳುತ್ತೇವೆ. ಅದು ಪೂರ್ತಿ ನಿಜವಲ್ಲ. 2015ರಲ್ಲಿ ಗಣಿ ಮತ್ತು ಖನಿಜ ಕಾಯ್ದೆಗೆ ತಂದ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿದವು. ಅದೇ ವರ್ಷ ಬಂದ ಪ್ರಧಾನಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆಯು, ನಿಧಿಯ ಕನಿಷ್ಠ ಶೇ 60ರಷ್ಟನ್ನು ಆದ್ಯತೆಯ ವಲಯಗಳಿಗೆ ಬಳಸಬೇಕೆಂದು ಹೇಳಿತು; 2024ರ ಪರಿಷ್ಕೃತ ಮಾರ್ಗಸೂಚಿ ಅದನ್ನು ಶೇ 70ಕ್ಕೆ ಏರಿಸಿತು. ಕುಡಿಯುವ ನೀರು, ಆರೋಗ್ಯ, ಶಿಕ್ಷಣಗಳ ಜೊತೆಗೆ ಪರಿಸರ ಸಂರಕ್ಷಣೆಯೂ ಆ ಪಟ್ಟಿಯಲ್ಲೇ ಇದೆ. ಕಲ್ಲು ಗಣಿ, ಕ್ರಷರ್‌ಗಳ ಧೂಳು ತಿನ್ನುವ ಹೋಬಳಿಗಳಲ್ಲಿ ಉಳಿದಿರುವ ತೋಪು, ಗೋಮಾಳ, ಬಂಡೆಗುಡ್ಡಗಳನ್ನು ಕಾಪಾಡುವುದು ಪರಿಸರ ಸಂರಕ್ಷಣೆಯಲ್ಲದೆ ಮತ್ತೇನು? ಕೋಲಾರಕ್ಕೆ ಈ ಮಾತು ಬೇರೆ ಊರಿಗಿಂತ ಹೆಚ್ಚು ನಾಟಬೇಕು. ಕೆಜಿಎಫ್‌ನಲ್ಲಿ ನೂರಕ್ಕೂ ಹೆಚ್ಚು ವರ್ಷ ಚಿನ್ನ ತೆಗೆದು 2001ರಲ್ಲಿ ಗಣಿ ಮುಚ್ಚಿದಾಗ ಇಂಥ ನಿಧಿಯೆಂಬುದೇ ಇರಲಿಲ್ಲ. ಚಿನ್ನ ಹೊರಗೆ ಹೋಯಿತು, ಚಿನ್ನ ಬೇರ್ಪಡಿಸಿದ ಮೇಲೆ ಸುರಿದ ತ್ಯಾಜ್ಯದ ಸೈನೈಡ್ ದಿಬ್ಬಗಳು ಊರಿನವರ ಪಾಲಿಗೆ ಉಳಿದವು, ಗಾಳಿ ಬೀಸಿದಾಗ ಅದರ ಪುಡಿ ಇಂದಿಗೂ ಮನೆಯೊಳಗೆ ಬರುತ್ತದೆ.

ಪಟ್ಟಣಗಳ ಮಟ್ಟಿಗೆ ನಗರಗಳ ಮೂಲಸೌಕರ್ಯಕ್ಕೆಂದು ಕೇಂದ್ರ ಸರ್ಕಾರ ತಂದ ಅಮೃತ್ ಯೋಜನೆ ಇತ್ತು. ಕೋಲಾರ, ಕೆಜಿಎಫ್ ಎರಡೂ ಅದರಲ್ಲಿದ್ದವು. ಆದರೆ 2015ರ ಆ ಯೋಜನೆಯಲ್ಲಿ ಉದ್ಯಾನಗಳಿಗೆಂದು ಶೇ 2.5ಕ್ಕಿಂತ ಹೆಚ್ಚು ಖರ್ಚು ಮಾಡುವಂತಿರಲಿಲ್ಲವಾದ್ದರಿಂದ ಅದರ ಮೇಲೆ ಬಹಳ ಭರವಸೆ ಇಡುವಂತಿರಲಿಲ್ಲ.

ನನ್ನ ನಿಜವಾದ ತಕರಾರು ಹಣದ ಕೊರತೆಯ ಬಗ್ಗೆ ಅಲ್ಲ, ಬಂದ ಹಣದ ಬಗ್ಗೆ. ನಮ್ಮ ಬಡಾವಣೆಯ ಪಾರ್ಕನ್ನೇ ತೆಗೆದುಕೊಳ್ಳಿ. ಕಮಾನು ಬಂದಿದೆ, ಅದರ ಪಕ್ಕದಲ್ಲಿ ಶಂಕುಸ್ಥಾಪನೆಯ ಕಲ್ಲಿದೆ, ಸುತ್ತ ಇಂಟರ್‌ಲಾಕ್ ಹಾಸಿದ್ದಾರೆ, ಮೂಲೆಯಲ್ಲಿ ಓಪನ್ ಜಿಮ್ ಇದೆ. ಸೈಕಲ್ಲಿನ ಪೆಡಲ್ ಕಳಚಿ ಬಿದ್ದು, ಬರೀ ಕಬ್ಬಿಣದ ಕಡ್ಡಿ ತುಕ್ಕು ಹಿಡಿದು ನಿಂತಿದೆ. ಇಂಟರ್‌ಲಾಕ್ ಮರದ ಬುಡದವರೆಗೂ ಬಿಗಿಯಾಗಿ ಕೂತಿರುವುದರಿಂದ ಎರಡು ಹೊಂಗೆ ಮರಗಳು ಒಣಗುತ್ತಿವೆ. ಹಿಂಬದಿಯ ಬೇಲಿ ಮಾತ್ರ ಬಂದೇ ಇಲ್ಲ. ಆ ಕಡೆಯಿಂದ ಪಾರ್ಕು ವರ್ಷಕ್ಕಿಷ್ಟು ಎಂಬಂತೆ ಒಳಕ್ಕೆ ಸರಿಯುತ್ತಿದೆ. ಹೀಗಾಗುವುದಕ್ಕೆ ಯಾರದೋ ದುರುದ್ದೇಶವೇ ಕಾರಣ ಎನ್ನಲಾರೆ. ಸಿಮೆಂಟು, ಕಬ್ಬಿಣ, ಇಂಟರ್‌ಲಾಕ್ ಅಳತೆ ಪುಸ್ತಕಕ್ಕೆ ಸಲೀಸಾಗಿ ಏರುತ್ತವೆ, ಬಿಲ್ಲು ಬೇಗ ಪಾಸಾಗುತ್ತದೆ. ಸರ್ವೆ ಮಾಡಿಸುವುದು, ಒತ್ತುವರಿ ತೆರವು, ಐದು ವರ್ಷ ಗಿಡಗಳಿಗೆ ನೀರು ಹಾಕುವುದು ಎಸ್ಟಿಮೇಟಿನೊಳಗೆ ಬರುವುದೇ ಇಲ್ಲ.

ಅಂತರಗಂಗೆ ಬೆಟ್ಟದಲ್ಲೂ ಇದೇ ಕಥೆ ಬೇರೆ ರೂಪದಲ್ಲಿದೆ. ಮೆಟ್ಟಿಲು ಹತ್ತಿ ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿಯವರೆಗೆ ಎಲ್ಲರಿಗೂ ದಾರಿ ಗೊತ್ತು. ಅಲ್ಲಿಂದ ಮೇಲೆ ಗುಹೆಗಳ ಕಡೆಗೆ, ತೇರಹಳ್ಳಿಯ ಕಡೆಗೆ ಹೋಗುವ ಕಾಲುದಾರಿಯಲ್ಲಿ ಬೆಂಗಳೂರಿನಿಂದ ಬರುವ ಚಾರಣಿಗರ ಗುಂಪುಗಳು ಬಂಡೆಗಳ ನಡುವೆ ತಮತಮಗೆ ತೋಚಿದ ಅಡ್ಡದಾರಿ ಮಾಡಿಕೊಳ್ಳುತ್ತವೆ. ಮಳೆ ಬಂದಾಗ ಆ ಅಡ್ಡದಾರಿಗಳೇ ಕೊರಕಲಾಗಿ ಮಣ್ಣು ಕೆಳಗಿಳಿಯುತ್ತದೆ. ಅಲ್ಲಿಗೆ ಬೇಕಾಗಿರುವುದು ಕಾಂಕ್ರೀಟಲ್ಲ. ದಾರಿಗೆ ಅಡ್ಡಲಾಗಿ ಅಲ್ಲಲ್ಲಿ ಕಲ್ಲಿನ ಸಾಲು ಕೂರಿಸಿ ನೀರನ್ನು ಪಕ್ಕಕ್ಕೆ ತಿರುಗಿಸಬೇಕು, ಅಡ್ಡದಾರಿಗಳನ್ನು ಮುಳ್ಳುಕಂಟಿ ಇಟ್ಟು ಮುಚ್ಚಬೇಕು, ಕೆಳಗಡೆ ಶೌಚಾಲಯ ಇರಬೇಕು, ಕಸ ಇಳಿಸಿ ತರಲು ತೇರಹಳ್ಳಿಯವರಿಗೇ ಕೂಲಿ ಕೊಡಬೇಕು. ಇದು ಖನಿಜ ನಿಧಿಯ ವ್ಯಾಪ್ತಿಗೆ ಬರದಿದ್ದರೆ ಪ್ರವಾಸೋದ್ಯಮದ ಅನುದಾನದಲ್ಲಿ ಸೇರಿಸಬಹುದು.

ಇಲ್ಲಿ ಅಮೆರಿಕದ ಒಂದು ಕಾನೂನಿನ ವಿಷಯ ಹೇಳುವುದು ಅಪ್ರಸ್ತುತವಾಗಲಾರದು. 1964ರಲ್ಲಿ ಅಲ್ಲಿ ಭೂಮಿ ಮತ್ತು ಜಲ ಸಂರಕ್ಷಣಾ ನಿಧಿ ಸ್ಥಾಪನೆಯಾಯಿತು. ಸಮುದ್ರದಲ್ಲಿ ತೆಗೆಯುವ ತೈಲ ಮತ್ತು ಅನಿಲದಿಂದ ಸರ್ಕಾರಕ್ಕೆ ಬರುವ ಆದಾಯವೇ ಅದರ ಮುಖ್ಯ ಮೂಲ. 2020ರ ಕಾಯ್ದೆಯೊಂದು ವರ್ಷಕ್ಕೆ 90 ಕೋಟಿ ಡಾಲರನ್ನು ಅದಕ್ಕೆ ಖಾಯಂ ಮಾಡಿತು. ರಾಜ್ಯಗಳ ಉದ್ಯಾನ ಯೋಜನೆಗಳಿಗೆ ಆ ನಿಧಿ ವೆಚ್ಚದ ಅರ್ಧದವರೆಗೆ ಕೊಡುತ್ತದೆ. ಅಷ್ಟು ಹಣ ನಮ್ಮ ಜಿಲ್ಲೆಯ ಕೈಗೆ ಎಂದೂ ಬರುವುದಿಲ್ಲ, ಬಿಡಿ. ನಾವು ಅಲ್ಲಿಂದ ತೆಗೆದುಕೊಳ್ಳಬೇಕಾದ್ದು ಆ ನಿಧಿಯ ಷರತ್ತನ್ನು. ಈ ಹಣದಿಂದ ಕೊಂಡ ಅಥವಾ ಅಭಿವೃದ್ಧಿಪಡಿಸಿದ ನೆಲವನ್ನು ಮುಂದೆ ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಕೇಂದ್ರದ ಒಪ್ಪಿಗೆ ಪಡೆಯಬೇಕು ಮತ್ತು ಅಷ್ಟೇ ಬೆಲೆಯ, ಅಷ್ಟೇ ಉಪಯೋಗದ ಬೇರೆ ನೆಲವನ್ನು ಜನರಿಗೆ ಕೊಡಬೇಕು. ಪಾರ್ಕಿನ ಜಾಗದಲ್ಲಿ ನಾಳೆ ಸಮುದಾಯ ಭವನವೋ ನೀರಿನ ಟ್ಯಾಂಕೋ ಏಳದಂತೆ ತಡೆಯುವುದು ಇಂಥ ಷರತ್ತೇ.

ನಮ್ಮಲ್ಲೂ ಕಾನೂನಿನ ಬಲ ಇಲ್ಲದೇ ಇಲ್ಲ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆ ರಾಜ್ಯದ 1985ರ ಕಾಯ್ದೆಯಿದೆ. ಊರೊಟ್ಟಿನ ಜಮೀನಿನ ಒತ್ತುವರಿಯನ್ನು ತೆರವು ಮಾಡಿಸಲು ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಆದೇಶಿಸಿತು. ಆ ಬಲವನ್ನು ಅನುದಾನದ ಆದೇಶಕ್ಕೆ ಗಂಟು ಹಾಕುವ ಕೆಲಸ ಮಾತ್ರ ಬಾಕಿ ಇದೆ.

ಆದ್ದರಿಂದ ಮುಂದಿನ ಕ್ರಿಯಾ ಯೋಜನೆಯಲ್ಲಿ ಯಾವುದೇ ಪಾರ್ಕು, ತೋಪು ಅಥವಾ ಗೋಮಾಳದ ಕಾಮಗಾರಿಗೆ ಮಂಜೂರಾತಿ ಕೊಡುವ ಮೊದಲು ತಾಲ್ಲೂಕು ಸರ್ವೆಯರ್ ಅಳತೆ ಮಾಡಿ ಗಡಿಕಲ್ಲು ನೆಟ್ಟ ನಕ್ಷೆ ಕಡತದಲ್ಲಿರಬೇಕೆಂದು, ಪಹಣಿಯಲ್ಲಿ ಆ ಜಾಗದ ಉದ್ದೇಶ ನಮೂದಾಗಿರಬೇಕೆಂದು, ಮಂಜೂರಾದ ಮೊತ್ತದಲ್ಲಿ ಐದು ವರ್ಷದ ನಿರ್ವಹಣೆಯ ಹಣವನ್ನು ಪ್ರತ್ಯೇಕವಾಗಿ ತೆಗೆದಿಡಬೇಕೆಂದು, ಜಾಗ ಬೇರೆಯದಕ್ಕೆ ಹೋದರೆ ಅದೇ ಊರಿನಲ್ಲಿ ಬದಲಿ ಜಾಗ ಕೊಡಬೇಕೆಂದು ಲಿಖಿತ ಷರತ್ತು ವಿಧಿಸಬೇಕಾಗಿ ಕೋರುತ್ತೇನೆ. ಮೊದಲ ವರ್ಷ ಇಡೀ ಜಿಲ್ಲೆಗೆ ಮಾಡಲಾಗದಿದ್ದರೆ, ಕ್ರಷರ್‌ಗಳು ಹೆಚ್ಚಿರುವ ಒಂದು ಹೋಬಳಿಯನ್ನು ಆರಿಸಿಕೊಂಡರೂ ಸಾಕು. ಆದರೆ ಅಲ್ಲಿನ ಸರ್ವೆ ನಂಬರುಗಳ ಪಟ್ಟಿಯನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸುವುದನ್ನು ಮರೆಯಬಾರದೆಂದು ವಿನಂತಿ.

ಇತಿ,
ಕೋಲಾರದ ಒಬ್ಬ ನಾಗರಿಕ